ಹಾಜರ್ ಅನ್ನದ ಹುಡುಗಿ

ನಲವತ್ತು ಮಕ್ಕಳನ್ನ ಒಂದ ಖೋಲ್ಯಾಗ ಕೂಡಿಸಿ, ಅವರ ಮುಂದ ಒಬ್ಬಾಕಿ ಬಾಯಿಬಡಕಿನ್ನ ನಿಲ್ಲಿಸಿದ್ರ ದಿನಾ ಒಂದಿಲ್ಲೊಂದು ಪಜೀತಿ ಆಗೂದ. ಆ ಬಾಯಿಬಡಕಿ ನಾನ. ಎಪ್ಪತ್ತರ ದಶಕದಾಗ ಗುಡಗೇರಿ ಬಾಜೂಕಿನ ಒಂದು ಹಳ್ಳಿ ಸಾಲ್ಯಾಗ ಒಂದನೇತ್ತಾಕ್ಕ, ಅಂದ್ರ ಒಂದನೇ ಕ್ಲಾಸಿಗೆ, ಕಲಸೂ ಅಕ್ಕೋರಾಗಿದ್ದೆ. ಆದ ಪಜೀತಿ ಭಾಳ. ಆದ್ರ ಒಬ್ಬಾಕಿ ಹುಡುಗಿ ಸಲುವಾಗಿ ಆದಷ್ಟು ಮತ್ಯಾರ ಸಲುವಾಗೂ ಆಗಲಿಲ್ಲ.

ಕಿವಿ ಮುಟ್ಟೂ ಪರೀಕ್ಷಾ

ಜೂನ್ ತಿಂಗಳದಾಗ ಒಬ್ಬಾಕಿ ತಾಯಿ ಮಗಳನ್ನ ಕರಕೊಂಡು ಬಂದಳು. ಹುಡುಗಿ ಮಾತಾಡೂದಿಲ್ಲ, ಮಾರಿ ಎತ್ತಿ ನೋಡೂದಿಲ್ಲ, ಕಿಟಕಿ ಸರಳು ಒಂದೊಂದ ಮುಟಿಗೋತ ನಿಂತಿದ್ಲು. ಈಗ ಅದಕ್ಕ ಆಟಿಸಂ ಅಂತ ಹೆಸರೈತಿ. ಆವಾಗ ನಮಗ ಗೊತ್ತಿದ್ದ ಹೆಸರು ಒಂದೂ ಚಂದ ಇರಲಿಲ್ಲ.

"ಕೂಲಿಗೆ ಹೋಗೂಮುಂದ ಕಂಬಕ್ಕ ಕಟ್ಟಿ ಹೋಗತೇನ್ರಿ ಅಕ್ಕೋರ. ಬಿಚ್ಚಿ ಬಿಟ್ರ ರೈಲ್ ಹಳಿ ಹಿಡದು ಹೊಂಟಬಿಡತಾಳ. ನೀವರ ಕೂಡಿಸಿಕೊಳ್ರಿ," ಅಂದಳು ತಾಯಿ. ನಾ ಹೆಡ್‌ಮಾಸ್ತರನ್ನ ಕರದೆ.

ಆಗೆಲ್ಲಾ ಹುಟ್ಟಿದ ತಾರೀಖು ಯಾರಿಗೆ ಗೊತ್ತು? ಬಲಗೈ ತಲಿ ಮ್ಯಾಲ ಹಾಸಿ ಎಡಗಿವಿ ಮುಟ್ಟಿದ್ರ ಆರು ವರ್ಷ ತುಂಬೇತಿ ಅಂತ ಲೆಕ್ಕ. ಹೆಡ್‌ಮಾಸ್ತರು, "ಕಿವಿ ಮುಟ್ಟವಾ ತಂಗಿ," ಅಂದ್ರು. ಹುಡುಗಿ ಸರಳು ಮುಟ್ಟಿದ್ಲು. "ಹಿಂಗವಾ, ಹಿಂಗ," ಅಂತ ತಾಯಿ ತನ್ನ ಕಿವಿ ಮುಟ್ಟಿಕೊಂಡ್ಲು. ಹೆಡ್‌ಮಾಸ್ತರು ಟೊಪಿಗಿ ತಗದಿಟ್ಟು ತಾವೂ ಮುಟ್ಟಿಕೊಂಡ್ರು. ನಾನೂ ಮುಟ್ಟಿಕೊಂಡೆ. ನೀರು ತಂದ ಸಾಲಿ ಸಿಪಾಯಿ ತಂಬಿಗಿ ಕೆಳಗಿಟ್ಟು ಅಂವಾನೂ ಮುಟ್ಟಿಕೊಂಡ.

ಅಷ್ಟರಾಗ ಊರ ಗೌಡ್ರು ಬಾಗಲದಾಗ ಹಣಿಕಿ ಹಾಕಿದ್ರು. "ಏನ್ರೀ ಮಾಸ್ತರ, ಎಲ್ಲಾರೂ ಕೂಡಿ ಏನ್ ತಪ್ಪು ಮಾಡೀರಿ?"

ಆವತ್ತ ಆ ಹುಡುಗಿ ಒಬ್ಬಾಕಿನ್ನ ಬಿಟ್ಟು ಉಳಿದವರೆಲ್ಲಾ ಒಂದನೇತ್ತಾಕ್ಕ ಪಾಸಾದಿವಿ.

ಅಜ್ಜಿ ಔಷಧ

ನನ್ನ ಹಟಕ್ಕ ಹೆಡ್‌ಮಾಸ್ತರು ಹೆಸರೇನೋ ಹಚ್ಚಿದ್ರು, ಆದ್ರ ಒಂದು ಶರತ್ತು ಹಾಕಿದ್ರು. "ಹತ್ತಿ ಬಿಡಿಸೂ ಹೊತ್ತಿಗೆ ಸಾಹೇಬರು ತಪಾಸಣಿಗೆ ಬರತಾರ. ಹೆಸರು ಕರದಾಗ ಈಕಿ 'ಹಾಜರ್' ಅನ್ನಲಿಲ್ಲಂದ್ರ ಪಟ್ಟಿಯಾಗಿನ ಹೆಸರು ಹೊಡದು ಹಾಕತಾರ. ಆಮ್ಯಾಲ ನನಗ ಅನಬ್ಯಾಡ್ರಿ."

ಸುದ್ದಿ ಕೇಳಿ ಹುಡುಗಿ ಅಜ್ಜಿ ಸಾಲಿಗೇ ಬಂದ್ಲು, ಕೈಯಾಗ ಬಜಿ ಬೇರು. ಅದನ್ನ ಜೇನಿನಾಗ ತೇದು ನಾಲಿಗಿಗೆ ಹಚ್ಚಿದ್ರ ಮೂಕರೂ ಮಾತಾಡತಾರಂತ. ಹುಡುಗಿ ಹಲ್ಲು ಕಚ್ಚಿ ಹಿಡದಳು. ನಾ ಶಾಣ್ಯಾಕಿ, "ನೋಡವಾ, ಎಷ್ಟ ಸಿಹಿ ಐತಿ!" ಅಂತ ಒಂದ ಬೆರಳು ನೆಕ್ಕಿ ತೋರಿಸಿದೆ. ಆಕಿ ಬಾಯಿ ತಗೀಲಿಲ್ಲ. ಮತ್ತೊಂದ ಬೆರಳು ನೆಕ್ಕಿದೆ. ಹಿಂಗ ಬಟ್ಟಲದಾಗಿನ ಔಷಧ ಪೂರಾ ನನ್ನ ಹೊಟ್ಟಿಗೇ ಹೋತು.

ಮರುದಿನ ನಮ್ಮ ಮನಿಯವರು ಅಜ್ಜಿ ಮನಿ ಬಾಗಲಕ್ಕ ಹೋಗಿ ನಿಂತು ಕೇಳಿದ್ರಂತ: "ಯವ್ವಾ, ಮಾತು ಇಳಸೂ ಔಷಧ ಏನರ ಐತೇನು?"

ಗಂಟಿ

ನಮ್ಮ ಸಾಲಿ ಗಂಟಿ ಅಂದ್ರ ಜೋತುಬಿಟ್ಟ ಒಂದು ರೈಲ್ ಹಳಿ ತುಂಡು. ಸಿಪಾಯಿ ಅದನ್ನ ಸುತ್ತಿಗೀಲೆ ಬಡದ್ರ ಮೂರು ಹೊಲ ದಾಟಿ ಕೇಳತಿತ್ತು. ಆ ಸಪ್ಪಳಕ್ಕ ಹುಡುಗಿ ಕಿವಿ ಮುಚ್ಚಿಕೊಂಡು ಚೀರಿ ಓಡತಿದ್ಲು. ಒಮ್ಮೆ ಓಡಿದಾಕಿನ್ನ ಊರ ಹೊರಗ ಹಳಿ ಹತ್ರ ಹಿಡಕೊಂಡು ಬಂದೆ.

ಸಿಪಾಯಿ ಮನಸು ಚಲೋ. ಸುತ್ತಿಗಿಗೆ ಹಳೇ ಧೋತರ ಸುತ್ತಿದ. ಢಣ್ ಅನ್ನೂದು ಢಪ್ ಆತು. ಹುಡುಗಿ ಆರಾಮ ಕುಂತಳು. ಆದ್ರ ಸಂಜೀಕ ಸಾಲಿ ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ಹೊತ್ತು ಮುಳುಗೂಮುಂದ ತಾಯಂದಿರು ಬಂದು, "ಎಮ್ಮಿ ಹೊಡಕೊಂಡು ಬರೂದು ಯಾರ್ರಿ?" ಅಂತ ಜಗಳಕ್ಕ ನಿಂತ್ರು. ನಾಕನೇತ್ತಾದ ಖೋಲಿಗೆ ಹೋಗಿ ನೋಡಿದ್ರ ಮಾಸ್ತರು ಕುರ್ಚಿ ಮ್ಯಾಲ ಗೊರಕಿ ಹೊಡ್ಯಾಕತ್ತಾರ, ಮಕ್ಕಳು ಬಾಯಿ ಮ್ಯಾಲ ಬೆರಳಿಟ್ಟು ಕುಂತಾವ. ಪಾಪ, ಗಂಟಿ ಆಗದ ಅವರಿಗೆ ಎಚ್ಚರಾದ್ರೂ ಹೆಂಗ ಆಗಬೇಕು?

ಧೋತರ ಬಿಚ್ಚಿ ಬ್ಯಾರೆ ಉಪಾಯ ಮಾಡಿದಿವಿ. ಸಿಪಾಯಿ ಮೊದಲ ನಮ್ಮ ಬಾಗಲಕ್ಕ ಬಂದು ತನ್ನ ಕಿವಿ ಮುಚ್ಚಿ ತೋರಸಾಂವ. ಹುಡುಗಿ ಮುಚ್ಚಿಕೊಂಡ ಮ್ಯಾಲ ಹೋಗಿ ಬಡ್ಯಾಂವ. ಆಕಿ ಮತ್ತ ಓಡಲಿಲ್ಲ. ತಿಂಗಳೊಪ್ಪತ್ತಿನಾಗ ಸಾಲಿ ಮಕ್ಕಳೆಲ್ಲಾ ಗಂಟಿಗೆ ಕಿವಿ ಮುಚ್ಚಾಕ ಹತ್ತಿದ್ರು. ನಾಕನೇತ್ತಾದ ಮಾಸ್ತರೂ ಮುಚ್ಚತಿದ್ರು. ಅವರ ಕಾರಣ ಬ್ಯಾರೆ.

ಸಾಹೇಬರು ಬಂದ ದಿನ

ದೀಪಾವಳಿ ಆದ ಮ್ಯಾಲ ಹುಡುಗಿ ತಾನ ಒಂದು ಕೆಲಸ ಹಿಡದಳು. ಮುಂಜಾನೆ ನಲವತ್ತೂ ಮಕ್ಕಳ ಬರಿಯೂ ಪಾಟಿ ತಗೊಂಡು ಯಾರದು ಅವರ ಜಾಗಾದಾಗ ಇಡತಿದ್ಲು. ಒಂದ ದಿನಾನೂ ತಪ್ಪಲಿಲ್ಲ. ಒಬ್ಬರ ಜಾಗಾದಾಗ ಇನ್ನೊಬ್ಬರು ಕುಂತ್ರ ತೋಳು ಹಿಡದು ಎಬ್ಬಸತಿದ್ಲು. "ಈಕಿನ್ನ ಕಟ್ಟೂ ಹಗ್ಗ ಈಗ ಆಕಳ ಕರಕ್ಕ ಕಟ್ಟೇನ್ರಿ," ಅಂತ ತಾಯಿ ನಗತಿದ್ಲು. ಆದ್ರ 'ಹಾಜರ್' ಮಾತ್ರ ಬರಲಿಲ್ಲ.

ಸಾಹೇಬರು ಬಂದ್ರು. ಹತ್ತಿ ಬಿಡಸಾಕ ಹೋಗಿ ನನ್ನ ಮಕ್ಕಳು ಒಂಬತ್ತು ಗೈರು. ಹಾಜರಿ ತುಂಬಿ ಕಾಣಬೇಕಲ್ಲ, ಹೆಡ್‌ಮಾಸ್ತರು ಎಂದಿನ ಪದ್ಧತಿ ಪ್ರಕಾರ ಮೂರನೇತ್ತಾದ ಒಂಬತ್ತು ಹುಡುಗೂರನ್ನ ತಂದು ಖಾಲಿ ಜಾಗಾದಾಗ ಕೂಡಿಸಿಬಿಟ್ಟಿದ್ರು. ಸಾಹೇಬರು ನನ್ನ ಕುರ್ಚಿ ಮ್ಯಾಲ ಕುಂತು ಹೆಸರು ಕರಿಯಾಕ ಶುರು ಮಾಡಿದ್ರು.

ಮೂರನೇ ಹೆಸರಿಗೆ ಮೀಸಿ ಮೂಡೂವಂಥ ಹುಡುಗ ಎದ್ದು "ಹಾಜರ್ರೀ!" ಅಂದ. ನಮ್ಮ ಹುಡುಗಿ ಸಟ್ಟನ ಎದ್ದಳು. ಅವನ ತೋಳು ಹಿಡದು ಹೊರಗ ಕಟ್ಟಿ ಮ್ಯಾಲ ಕೂಡಿಸಿ ಬಂದಳು. ಏಳನೇ ಹೆಸರಿಗೆ ಇನ್ನೊಬ್ಬನ್ನ. ಹೆಡ್‌ಮಾಸ್ತರು, "ಕುಂದರವಾ, ಕುಂದರ," ಅಂತ ಹಣಿ ಒರಸಿಕೊಂಡ್ರು. ಆಕಿ ಕೇಳಬೇಕಲ್ಲ! ಒಂಬತ್ತನೇಂವ ಕಂಬ ಹಿಡಕೊಂಡು ಬಾಯಿ ಬಿಟ್ಟ: "ನಂದೇನೂ ತಪ್ಪಿಲ್ರೀ ಸಾಹೇಬರ, ಹೆಡ್‌ಮಾಸ್ತರು ಪೆಪ್ಪರಮೆಂಟ್ ಕೊಡತೇನಂದ್ರು!"

ಆಮ್ಯಾಲ ಆಕಿ ಹೆಸರು ಬಂತು. ಒಮ್ಮೆ ಕರದ್ರು, ಎರಡು ಸಲ ಕರದ್ರು. ಉತ್ತರ ಇಲ್ಲ. ಹೆಡ್‌ಮಾಸ್ತರಿಗೆ ಜೀವ ಬಂದಂಗಾತು. "ಆಕಿಗೆ ಏನೂ ತಿಳಿಯೂದಿಲ್ರೀ ಸಾಹೇಬರ, ಹೆಸರು ಹೊಡದು ಹಾಕೂಣು..." ಕೂಲಿ ಬಿಟ್ಟು ಬಂದು ಕಿಟಕ್ಯಾಗ ನಿಂತ ತಾಯಿ ಸೆರಗು ಬಾಯಿಗೆ ಹಿಡಕೊಂಡ್ಲು. ನಾನು ಮಾತ ಬರದಾಂಗ ನಿಂತೆ. ನಾ ಅಂದ್ರ ನಾನ!

ಅಷ್ಟರಾಗ ಹುಡುಗಿ ಸೀದಾ ಕುರ್ಚಿ ಹತ್ರ ಬಂದಳು. ಸಾಹೇಬರ ಕೋಟಿನ ತೋಳು ಹಿಡದಳು. ಜಗ್ಗಿದಳು. ಸಾಹೇಬರು ಎದ್ದು ಆಕಿ ಹಿಂದ ಹೋದ್ರು. ಕಟ್ಟಿ ಮ್ಯಾಲ ಒಂಬತ್ತು ಹುಡುಗೂರ ಸಾಲಿನಾಗ ಹತ್ತನೇದವರಾಗಿ ಕುಂತ್ರು. ಹುಡುಗಿ ಬಂದು ನನ್ನನ್ನ ಕುರ್ಚಿಗೆ ದೂಡಿದ್ಲು.

ಸಾಹೇಬರು ಅಲ್ಲೇ ತೊಡಿ ಮ್ಯಾಲ ಭೇಟಿ ಪುಸ್ತಕ ಇಟಗೊಂಡು ಬರೆದು, ಗಟ್ಟಿಯಾಗಿ ಓದಿದ್ರು: "ಈ ಹುಡುಗಿಯ ಹೆಸರನ್ನು ಯಾರೂ ತೆಗೆಯಕೂಡದು. ಹೆಡ್‌ಮಾಸ್ತರರು ಬರೆದ ಹಾಜರಿಯನ್ನು ದಿನಾಲು ಈಕೆಯಿಂದ ತಪಾಸ ಮಾಡಿಸತಕ್ಕದ್ದು."

ನನಗ ನಗುನೂ ಬಂತು, ಅಳುನೂ ಬಂತು. ತಾಯಿ ಅಂತೂ ಕಿಟಕಿ ಸರಳು ಹಿಡದು ಅತ್ತಬಿಟ್ಲು. ಹೆಡ್‌ಮಾಸ್ತರು ಕೈ ಹೊಸೀತ, "ಒಳಗ ಬರ್ರಿ ಸಾಹೇಬರ, ಚಾ ಆರತೈತಿ," ಅಂದ್ರು.

ಸಾಹೇಬರು ಹುಡುಗಿ ಕಡೆ ನೋಡಿ, ದನಿ ಸಣ್ಣ ಮಾಡಿದ್ರು. "ನಾ ಬರಬಹುದೇನು, ಮೊದಲ ಆಕಿನ್ನ ಕೇಳ್ರಿ."