ಚಾರ್ಟಿನಲ್ಲಿ ತಿಂಡಿ ಆಯ್ತು

ಮಸ್ಕತ್‌ನ ನಮ್ಮ ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ರೋಗಿಯ ಚಾರ್ಟ್ ಬರೆಯಲು ಕಲಿಸುವವಳು ನಾನು. "ಕಣ್ಣಾರೆ ಕಂಡದ್ದನ್ನೇ ಬರೆಯಿರಿ" ಎಂದು ಪಾಠ ಮುಗಿಸಿ ವಾರ್ಡಿಗೆ ಬಂದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಆಗುವುದು ಶಿಷ್ಯೆಯರಿಗಲ್ಲ, ನನಗೆ.

ನಡೆದಾಡುವ ಪ್ಲಾಸ್ಟರ್

ದುಕ್ಮ್ ಬಂದರಿನಿಂದ ಬಂದ ಕಾರ್ಮಿಕನೊಬ್ಬ ಕಾಲು ಮುರಿದುಕೊಂಡು ಮಲಗಿದ್ದ. ಗಡಿಬಿಡಿಯಲ್ಲಿ ಪಕ್ಕದ ಹಾಸಿಗೆಯವನ ಟಿಪ್ಪಣಿಯನ್ನೇ ಇವನ ಚಾರ್ಟಿಗೂ ಕಾಪಿ ಮಾಡಿದೆ: 'ಕಾರಿಡಾರಿನಲ್ಲಿ ಆರಾಮಾಗಿ ಓಡಾಡುತ್ತಿದ್ದಾರೆ.' ರೌಂಡ್ಸಿಗೆ ಬಂದ ಒಮಾನಿ ಡಾಕ್ಟರು ಅದನ್ನು ಓದಿದರು, ತೊಡೆಯವರೆಗಿನ ಪ್ಲಾಸ್ಟರ್ ನೋಡಿದರು. ಯಲ್ಲಾ, ಬನ್ನಿ, ಸ್ವಲ್ಪ ನಡೆಸಿ ತೋರಿಸಿ ಸಿಸ್ಟರ್ ಅಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆ ಬಡಪಾಯಿ ಮಾತ್ರ ನಿಜವೆಂದುಕೊಂಡು ಚಪ್ಪಲಿ ಹುಡುಕತೊಡಗಿದ.

ಒರಟು ಸ್ವಭಾವ

ಬೆಂಗಳೂರಿನ ಎಂಜಿನಿಯರೊಬ್ಬರು ಬೆಲ್ ಒತ್ತಿ ಒತ್ತಿ ಪ್ರಾಣ ತಿಂದರು. ಸಿಟ್ಟಿನಲ್ಲಿ 'ರೋಗಿ ಒರಟು ಸ್ವಭಾವದವರು' ಎಂದು ಬರೆದುಬಿಟ್ಟೆ. ಇನ್ಶೂರೆನ್ಸಿಗೆಂದು ಫೈಲಿನ ಪ್ರತಿ ಒಯ್ದವರು ಹೆಂಡತಿಯೊಂದಿಗೆ ವಾಪಸು ಬಂದರು. ತುಂಬ ಮೆತ್ತಗೆ, "ಸಿಸ್ಟರ್, ಇದಕ್ಕೆ ಮಾತ್ರೆ ಬರೆಯೋದು ಮರೆತ್ರಾ?" ಎಂದರು. ತಲೆ ತಗ್ಗಿಸಿ ಕ್ಷಮೆ ಕೇಳಿದೆ. ಅವರ ಹೆಂಡತಿ, ಬರೆದದ್ದು ಸರಿಯಾಗಿಯೇ ಇದೆ, ಹಾಗೇ ಇರಲಿ ಎಂದರು.

ತಿಂಡಿ ಆಯ್ತಾ?

ಇಲ್ಲೇ ವಾದಿ ಅದಾಯ್ ಬಡಾವಣೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಉಡುಪಿ ಕಡೆಯ ಹಿರಿಯರೊಬ್ಬರಿಗೆ ಅಂದು ಹರ್ನಿಯಾ ಆಪರೇಷನ್. ಅವರ ತಲೆಯ ಮೇಲೆಯೇ 'ತಿನ್ನಲು, ಕುಡಿಯಲು ಏನೂ ಕೊಡಬೇಡಿ' ಎಂಬ ಬೋರ್ಡು ನೇತಾಡುತ್ತಿತ್ತು. ನಾನು ಕಂಪ್ಯೂಟರಿನಿಂದ ಕಣ್ಣೆತ್ತದೆ, ಊರಿನವರೆಂಬ ಪ್ರೀತಿಯಲ್ಲಿ, ತಿಂಡಿ ಆಯ್ತಾ ಅಣ್ಣಾ ಎಂದೆ. ಆಯ್ತು ಆಯ್ತು ಎಂದರು. ಹಾಗೆಯೇ ಬರೆದೆ.

ಥಿಯೇಟರಿನ ಬಾಗಿಲಲ್ಲಿ ಅದನ್ನು ಓದಿ ಆಪರೇಷನ್ ನಿಲ್ಲಿಸಿದರು. ತಿಂದದ್ದನ್ನು ನೀವು ನೋಡಿದಿರಾ ಎಂದು ಡಾಕ್ಟರು ನನ್ನನ್ನು ಕೇಳಿದರು. ಶಿಷ್ಯೆಯರೆಲ್ಲ ಅಲ್ಲೇ ನಿಂತಿದ್ದರು. ಇಲ್ಲ ಎಂದೆ. ರೋಗಿಯನ್ನು ಕೇಳಿದರೆ, ನಿನ್ನೆಯಿಂದ ನೀರೂ ಮುಟ್ಟಿಲ್ಲವಂತೆ.

"ಮತ್ತೆ ಆಯ್ತು ಅಂದ್ರಲ್ಲ ಅಣ್ಣಾ?"

"ಊರಿನವರು ಕೇಳಿದಾಗ ಇಲ್ಲ ಅಂತ ಹೇಳ್ಲಿಕ್ಕುಂಟಾ?"

ಎಲ್ಲ ಇತ್ಯರ್ಥವಾಗುವಷ್ಟರಲ್ಲಿ ಅವರ ಸರದಿ ಹೋಗಿ, ಹೊಟ್ಟೆಗಿಲ್ಲದೆ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಮುಖ ತೋರಿಸಲಾಗದೆ ನಾನೂ ಊಟಕ್ಕೆ ಕ್ಯಾಂಟೀನಿಗೆ ಹೋಗಲಿಲ್ಲ.

ಆಪರೇಷನ್ ಮುಗಿದು ಸಂಜೆ ಬಿಪಿ ನೋಡಲು ಹೋದರೆ, ಎಚ್ಚರವಾಗಿದ್ದ ಅವರು ಕ್ಷೀಣ ದನಿಯಲ್ಲಿ ಊಟ ಆಯ್ತಾ ಎಂದು ನನ್ನನ್ನೇ ಕೇಳಿದರು.

ಆಯ್ತು ಎಂದೆ.

"ಬರೆದುಕೊಳ್ಳಿ ಹಾಗಾದ್ರೆ" ಎಂದು ಕಣ್ಣು ಮುಚ್ಚಿದರು.