ಜಟಕಾ ಕುದುರೆಯ ಮೇಲೆ ಅರ್ಚಕರ ಮಗಳು

ಕುದುರೆಯೂ ಮಕ್ಕಳೂ ಒಂದೇ ಅಂಗಳದಲ್ಲಿದ್ದರೆ, ಬೇಡವೆಂದರೂ ನಗುವ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಮೊದಲ ಸಲ ಬರೆಯುತ್ತಿದ್ದೇನೆ, ಆದ್ದರಿಂದ ಬಿಡಿಸಿಯೇ ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ನಾನು ಮದ್ದೂರಿನಲ್ಲಿ ಮೇಷ್ಟ್ರಾಗಿದ್ದೆ. ಮಾತಾಡದ, ಮುಖ ಕೊಟ್ಟು ನೋಡದ ನಾಲ್ಕು ಮಕ್ಕಳನ್ನು ಸಂಜೆ ಕುದುರೆಯ ಮೇಲೆ ಕೂರಿಸಿ ಸುತ್ತಿಸುತ್ತಿದ್ದೆ. ಆ ಮಕ್ಕಳ ಸ್ಥಿತಿಗೆ ಈಗ ಆಟಿಸಂ ಅನ್ನುತ್ತಾರೆ. ಆಗ ನಮಗೆ ಆ ಪದ ಗೊತ್ತಿರಲಿಲ್ಲ. ಕುದುರೆ ಸವಾರಿಯಿಂದ ಇಂಥ ಮಕ್ಕಳಿಗೆ ಸಮಾಧಾನವಾಗುತ್ತದೆ ಎಂದು ಮೈಸೂರಿನ ಡಾಕ್ಟರೊಬ್ಬರು ಹೇಳಿದ್ದರು. ಕುದುರೆಯನ್ನು ಎಲ್ಲಿಂದ ತರಬೇಕೆಂದು ಮಾತ್ರ ಹೇಳಿರಲಿಲ್ಲ.

೧. ಐದು ಜನ

ಗಾಡಿ ಮಾರಿ, ಕುದುರೆಯನ್ನು ಮಾರಲು ಮನಸ್ಸಾಗದ ಒಬ್ಬ ಜಟಕಾದವನು ಸಿಕ್ಕಿದ. ಮೊದಲ ದಿನ ಅರ್ಚಕರ ಮಗಳನ್ನು ಕೂರಿಸಿದೆವು. ಏಳು ವರ್ಷದ ಹುಡುಗಿ, ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಕುದುರೆ ಅಲ್ಲಾಡಲಿಲ್ಲ.

"ಯಾಕಣ್ಣ?"

"ಒಬ್ರೇ ಅಲ್ವಾ ಮೇಷ್ಟ್ರೇ? ಐದ್ ಜನ ತುಂಬ್ದೆ ಇದು ಒಂದ್ ಎಜ್ಜೆ ಇಟ್ಟಿದ್ದಿಲ್ಲ."

ಜಟಕಾಕ್ಕೆ ಒಬ್ಬೊಬ್ಬರು ಹತ್ತಿದಾಗಲೂ ಕುದುರೆಯ ಬೆನ್ನಿಗೆ ಭಾರ ತಾಗುತ್ತದೆ. ಹಾಗಾಗಿ ಹುಡುಗಿಯೂ ಸೇರಿ ಐದಾಗಲೆಂದು, ದೊಡ್ಡವರು ನಾವು ನಾಲ್ವರು ಒಬ್ಬರಾದ ಮೇಲೊಬ್ಬರು ಅದರ ಬೆನ್ನು ಒತ್ತಿದೆವು. ಹೊರಟಿತು. ಕೊನೆಗೆ ಒತ್ತಿದ ಐದನೆಯವರು ಹೆಡ್‌ಮೇಷ್ಟ್ರು. ಅವರು ರಜೆ ಹಾಕಿದ ದಿನ ಕುದುರೆಗೂ ರಜೆ.

೨. ರೈಲು

ಒಂದು ಸಂಜೆ ರೈಲು ಕೂಗಿತು. ಕುದುರೆ ಹುಡುಗಿಯ ಸಮೇತ ಸ್ಟೇಷನ್ನಿಗೆ ಹೊರಟೇಬಿಟ್ಟಿತು. ನಾನು ಓಡಿ ಹೋಗಿ ನೋಡಿದರೆ ಅವಳು ಆರಾಮಾಗಿ ಕೂತಿದ್ದಾಳೆ, ಒಬ್ಬ ಪ್ರಯಾಣಿಕ ತನ್ನ ಹಾಸಿಗೆ ಸುರುಳಿಯನ್ನು ಅವಳ ಹಿಂದೆ ಏರಿಸುತ್ತಿದ್ದಾನೆ.

"ಗೆಜ್ಜಲಗೆರೆಗೆ ಏಟು ತಗೋತೀಯಾ?"

"ಇದು ಗಾಡಿಯಲ್ಲಪ್ಪ, ಶಾಲೆ" ಎಂದೆ ಏದುಸಿರು ಬಿಡುತ್ತ.

ಅವನು ಕುದುರೆಯನ್ನು ನೋಡಿದ, ಒಂದೇ ಕಾಲಿನಲ್ಲಿ ಚಪ್ಪಲಿ ಉಳಿದಿದ್ದ ನನ್ನನ್ನೂ ನೋಡಿದ. "ಇದ್ರಾಗೆ ಮೇಷ್ಟ್ರು ಯಾರು?"

"ನಾನು."

ಅವನು ಕುದುರೆಗೇ ಕೈ ಮುಗಿದು ಹೋದ.

೩. ಮುಂದಕ್ಕೆ ಬನ್ನಿ

ಸುದ್ದಿ ಅರ್ಚಕರಿಗೆ ಮುಟ್ಟಿತು. "ನನ್ನ ಮಗಳನ್ನ ಸ್ಟೇಷನ್ನಲ್ಲಿ ಮೆರೆಸ್ತಿದೀರಂತೆ. ಒಂದು ವಾರ ನೋಡ್ತೀನಿ ಮೇಷ್ಟ್ರೇ. ಪ್ರಯೋಜನ ಕಾಣದಿದ್ರೆ ಕರ್ಕೊಂಡು ಹೋಗ್ತೀನಿ."

ನನಗೆ ನಿದ್ದೆ ಬರಲಿಲ್ಲ. ಆ ಹುಡುಗಿ ತನ್ನ ಕೈ ತಾನೇ ಕಚ್ಚಿಕೊಳ್ಳದೆ ಇರುತ್ತಿದ್ದುದು ಕುದುರೆಯ ಮೇಲೆ ಮಾತ್ರ.

ಇಲ್ಲೊಂದು ವಿಷಯ ಹೇಳಬೇಕು. ಜಟಕಾದಲ್ಲಿ ಜನ ಹಿಂದೆ ಕೂತರೆ ಗಾಡಿ ಹಿಂದಕ್ಕೆ ವಾಲುತ್ತದೆ. ಅದಕ್ಕೇ ಜಟಕಾದವರು 'ಮುಂದಕ್ಕೆ ಬನ್ನಿ, ಹಿಂದೆ ಭಾರ' ಎನ್ನುತ್ತ ಎಲ್ಲರನ್ನೂ ಸರಿಸುತ್ತಾರೆ. ಗಾಡಿ ಹೋದರೂ ನಮ್ಮವನ ಬಾಯಿಂದ ಆ ಮಾತು ಹೋಗಿರಲಿಲ್ಲ.

ಏಳನೆಯ ದಿನ ಅರ್ಚಕರು ಬಂದರು. ಮಡಿಯಲ್ಲಿದ್ದರು, ಕುದುರೆ ತಾಗೀತೆಂದು ದೂರ ಗೇಟಿನ ಹತ್ತಿರವೇ ನಿಂತರು. "ಇಳಿಸಿ, ಹೊರಡ್ತೀವಿ" ಎಂದರು.

ಹುಡುಗಿ ಅವರತ್ತ ನೋಡಿದಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು: "ಮುಂದುಕ್ ಬನ್ನಿ ಸೋಮಿ, ಮುಂದುಕ್ ಬನ್ನಿ. ಇಂದೆ ಬಾರ ಆಯ್ತದೆ."

ಅರ್ಚಕರು ಬಂದರು. ಮಡಿ ಮರೆತು ಕುದುರೆಯ ಕುತ್ತಿಗೆ ಹಿಡಿದುಕೊಂಡು ಅತ್ತರು. ಜಟಕಾದವನು ನನ್ನ ಕಿವಿಯಲ್ಲಿ, "ಪಾಟ ಮಾಡ್ದೋನು ನಾನು ಕಣ್ರಿ ಮೇಷ್ಟ್ರೇ" ಎಂದ.

ಮಾರನೆಯ ಬೆಳಿಗ್ಗೆ ಅರ್ಚಕರೇ ಮಗಳನ್ನು ಕರೆತಂದರು. ಮುಖ ಸೋತಿತ್ತು.

"ಮತ್ತೆ ಮಾತು ನಿಂತಿತೇ?" ಎಂದು ಹೆದರಿ ಕೇಳಿದೆ.

"ನಿಂತಿಲ್ಲ. ರಾತ್ರಿ ಮಂಗಳಾರತಿ ಹೊತ್ತಲ್ಲಿ ಗರ್ಭಗುಡಿ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದಳು. ಜನ ಎಲ್ಲ ಮುಂದೆ ಬಂದು ಗರ್ಭಗುಡಿ ಒಳಗೇ ನುಗ್ಗಿಬಿಟ್ರು."

"ಆಮೇಲೆ?"

"ಆಮೇಲೇನು? ಜಟಕಾ ತುಂಬಿದ ಹಾಗೆ ಒಳಗೆ ಐದು ಜನಕ್ಕಿಂತ ಜಾಸ್ತಿ ಆದ್ರು ಮೇಷ್ಟ್ರೇ. ನಾನೇ ತಟ್ಟೆ ಹಿಡ್ಕೊಂಡು ಹೊರಗೆ ನಿಂತೆ."