ಹಸಿರಾದ ಚೌಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತನ್ನು ಕನ್ನಡಕದಣ್ಣ ‘ಹಾಳೆ ಇದ್ದಷ್ಟು ಕಾಲಂ ಚಾಚು’ ಎಂದು ತಿದ್ದಿಕೊಂಡಿದ್ದ. ಹಾಳೆ ಎಂದರೆ ಮನೆಖರ್ಚಿನ ಸ್ಪ್ರೆಡ್‌ಶೀಟು. ಹಾಲು, ಕರೆಂಟು, ಸೋಫಾದ ಕಂತು, ಯಾರಿಗೂ ಹೇಳದ ತಲೆಬಣ್ಣ, ಹೆಂಡತಿಗೆ ಹೇಳದ ಬೇಕರಿ, ಎಲ್ಲಕ್ಕೂ ಒಂದೊಂದು ಸಾಲು. ಕೊನೆಯ ಪುಟದ ತಲೆಯಲ್ಲಿ ಮಾತ್ರ ಒಂದು ದೊಡ್ಡ ಚೌಕ. ಅದರ ಹೆಸರು ‘ಸಮುದ್ರ’. ತಿಂಗಳು ತಿಂಗಳು ಉಳಿದದ್ದೆಲ್ಲ ಹಳ್ಳಕೊಳ್ಳಗಳ ಹಾಗೆ ಹರಿದುಬಂದು ಅಲ್ಲಿ ಸೇರುತ್ತಿತ್ತು. ಬೇಕಾದಷ್ಟು ಕೂಡುವವರೆಗೆ ಚೌಕ ಕೆಂಪು. ಕೂಡಿದ ಕ್ಷಣ ಹಸಿರು.

ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನಾದ್ದರಿಂದ ಅವನಿದ್ದ ಕಟ್ಟಡದವರು ಇಟ್ಟ ಹೆಸರು ‘ಕನ್ನಡಕದಣ್ಣ’. ಆ ಕಟ್ಟಡದ ಗೋಡೆಗಳು ಈರುಳ್ಳಿ ಸಿಪ್ಪೆಯಷ್ಟು ತೆಳು. ಎದುರುಮನೆಯ ಬ್ಯಾಂಡಿನವನು ತುತ್ತೂರಿ ಊದಿದರೆ ಇವನ ಚಹಾದಲ್ಲಿ ಅಲೆ ಏಳುತ್ತಿತ್ತು. ಮೇಲ್ಮನೆಯ ಆಂಟಿ ಮೊದಲು ಒಳಗೆ ಬಂದು ಆಮೇಲೆ ಬಾಗಿಲು ತಟ್ಟುತ್ತಿದ್ದರು. ಹೆಂಡತಿಯೊಡನೆ ಇವನು ಒಂದು ಮಾತು ಶುರು ಮಾಡಿದರೆ ಮುಗಿಸುತ್ತಿದ್ದವರು ಬೇರೆ ಯಾರೋ. ಮದುವೆಯ ಹೊಸದರಲ್ಲಿ “ನಿನ್ನನ್ನ ಮೊದಲ ಸಲ ನೋಡಿದಾಗ ನಾನು...” ಎಂದು ಆರಂಭಿಸಿದ ವಾಕ್ಯ ಇನ್ನೂ ಅಲ್ಲಿಯೇ ಒಂಟಿ ಕಾಲಲ್ಲಿ ನಿಂತಿತ್ತು. ಅದನ್ನು ಮುಗಿಸುವುದಕ್ಕೇ ಸಮುದ್ರ. ಅವನು, ಅವಳು, ಅಲೆ. ನಾಲ್ಕನೆಯವರಿಗೆ ಜಾಗವಿಲ್ಲ.

ಆ ದಿನ ಬೆಳಿಗ್ಗೆ ಚೌಕ ಇನ್ನೂ ಕೆಂಪಗಿತ್ತು, ಆದರೆ ಹಸಿರಿಗೆ ತೀರ ಹತ್ತಿರ. ಇನ್ನು ಗುಟ್ಟು ಸಾಕು, ಅವಳಿಗೆ ತೋರಿಸಿಬಿಡೋಣ ಎಂದುಕೊಂಡ. ಬೇಕರಿಯ ಸಾಲನ್ನು ‘ದಾನಧರ್ಮ’ ಎಂದು ತಿದ್ದಿದ. ಬಸ್ಸಿನಲ್ಲಿ ಬಾವಲಿಯಂತೆ ನೇತಾಡುತ್ತ, “ಸಮುದ್ರಕ್ಕೆ ಹೋಗೋಣ್ವಾ? ಇಷ್ಟು ಕೂಡಿದೆ, ಇನ್ನು ಸ್ವಲ್ಪ ಬೇಕು” ಎಂದು ಬರೆದು, ತೆರೆದವರು ತಿದ್ದಬಹುದಾದ ಹಾಳೆಯ ಲಿಂಕಿನೊಂದಿಗೆ ಕಳಿಸಿದ. ಅವನ ಬೆರಳು ಹೆಂಡತಿಯ ಹೆಸರಿನ ಮೇಲೆ ಇಳಿಯುವುದಕ್ಕೂ, ಕಟ್ಟಡದವರ ಗುಂಪಿನಲ್ಲಿ ಯಾರೋ “ನೀರು ಬಂತಾ?” ಎಂದು ಕೇಳುವುದಕ್ಕೂ ಸರಿಹೋಯಿತು. ಗುಂಪು ಚಂಗನೆ ಮೇಲೆ ಬಂತು, ಹೆಂಡತಿ ಕೆಳಗೆ ಜಾರಿದಳು. ಊರಿಗೆಲ್ಲ ಸಣ್ಣಕ್ಷರ ಓದಿಸುವವನು ಎದುರಿಗಿದ್ದ ದಪ್ಪಕ್ಷರ ಓದದೆ ಫೋನನ್ನು ಜೇಬಿಗೆ ಇಳಿಸಿದ. ಬೆಡ್‌ಶೀಟು ಹೊದ್ದರೆ ಮಾನ ಉಳಿಯುತ್ತದೆ. ಸ್ಪ್ರೆಡ್‌ಶೀಟು ಬಿಚ್ಚಿದರೆ ಉಳಿಯುವುದಿಲ್ಲ.

ಕಟ್ಟಡದ ಗುಂಪಿಗೆ ಒಂದು ಅಲಿಖಿತ ಕಾನೂನು ಇತ್ತು. ಯಾವ ಪಟ್ಟಿ ಬಂದರೂ ಮೊದಲು ಹೆಸರು ಬರೆ, ಯಾತಕ್ಕೆ ಅಂತ ಆಮೇಲೆ ಕೇಳು. ಹಿಂದೊಮ್ಮೆ ಸೋರುವ ನಲ್ಲಿಗಳ ಪಟ್ಟಿ ಹಾಕಿದಾಗ ನಲ್ಲಿ ನೆಟ್ಟಗಿದ್ದವರೇ ಮೊದಲು ಹೆಸರು ಬರೆದಿದ್ದರು.

ಅಂಗಡಿಯಲ್ಲಿ ಒಬ್ಬ ದಪ್ಪ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಗಾಜು ಕೂರಿಸುತ್ತಿದ್ದಾಗ ಮೇಲ್ಮನೆ ಆಂಟಿಯ ಫೋನು ಬಂತು.

“ಏನಪ್ಪಾ, ತಲೆಬಣ್ಣಕ್ಕೆ ಇಷ್ಟೊಂದು ಸುರೀತೀಯಾ? ಪಾಪ, ನಾವೆಲ್ಲ ಅದು ನಿನ್ನ ಸ್ವಂತ ಬಣ್ಣ ಅಂದ್ಕೊಂಡಿದ್ವಿ.”

ಕನ್ನಡಕದಣ್ಣನ ಮುಖದಲ್ಲಿ ಇದ್ದ ಸ್ವಂತ ಬಣ್ಣವೂ ಇಳಿಯಿತು. ಗುಂಪನ್ನು ತೆರೆದು ನೋಡಿ, ಸಂದೇಶ ಅಳಿಸಿದ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಲಿಂಕು ಒತ್ತಿದರೂ ಹೋಯಿತು. ನೋಡಬೇಕಾದವರೆಲ್ಲ ಆಗಲೇ ಒಳಹೊಕ್ಕಿದ್ದರು. ಇತ್ತ ಗಿರಾಕಿ ತನಗೆ ಅಂಗಡಿ ಮಾಲೀಕರು ಇಬ್ಬರು ಕಾಣುತ್ತಿದ್ದಾರೆ ಎಂದು ದೂರಿದ. ಗಲ್ಲಾದಲ್ಲಿದ್ದ ಮಾಲೀಕರು, ಕೆಲಸದವನ ತಲೆ ಎಲ್ಲಿದೆ ಎಂದು ಒಬ್ಬರೇ ಇಬ್ಬರಷ್ಟು ಗದರಿದರು.

ಶೀಟಿಗೆ ಬೀಗ ಹಾಕುವ ಗುಂಡಿ ಹುಡುಕುವಷ್ಟರಲ್ಲಿ ಬ್ಯಾಂಡಿನವನು ಫೋನು ಮಾಡಿ, ಸೋಫಾದ ಕಂತು ಇನ್ನೂ ಮುಗಿದಿಲ್ಲವೆಂದು ಗೊತ್ತಿದ್ದರೆ ಅದರ ಮೇಲೆ ಅಷ್ಟು ಜೋರಾಗಿ ಕೂರುತ್ತಿರಲಿಲ್ಲ ಎಂದು ಕ್ಷಮೆ ಕೇಳಿದ. ಅವನ ಬೆನ್ನಿಗೇ ಕೆಳಮನೆಯ ನಿವೃತ್ತ ಆಡಿಟರ್ ಅಂಕಲ್ ಫೋನಿನಲ್ಲಿ ಬಂದರು. ಅವರು ಮಾತಾಡುವುದೆಂದರೆ ಪದಪದಕ್ಕೂ ಠಸ್ಸೆ ಒತ್ತಿದ ಹಾಗೆ.

“ನೋಡಿ. ನಿಮ್ಮ. ಮೊತ್ತ. ತಪ್ಪು. ಕೆಳಗಿನ ಸಾಲುಗಳನ್ನ ನಿಮ್ಮ ಸೂತ್ರ ಕೂಡಿಸ್ತಾನೇ ಇಲ್ಲ. ಸರಿಮಾಡಿದೀನಿ. ಈಗ ನೋಡ್ಕೊಳಿ.”

ನೋಡಿಕೊಂಡ. ಪುಟ್ಟ ಪರದೆಯ ತುಂಬ ಚೌಕವೊಂದೇ ಕಾಣುತ್ತಿತ್ತು. ಎಳೆ ಹುಲ್ಲಿನಂಥ ಹಸಿರು.

ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಷ್ಟು ದಿನ ದುಡ್ಡು ಇದ್ದೇ ಇತ್ತು, ಕೂಡಿಸಲು ಬಾರದವನು ತಾನೇ! ಮಾನ ಹೋದರೆ ಹೋಗಲಿ, ಸಮುದ್ರವಂತೂ ಬಂತು. ಕೂಡಲೇ ಕಡಲ ದಂಡೆಯ ಹೋಟೆಲಿಗೆ ಫೋನು ಮಾಡಿ ಇಬ್ಬರಿಗೆ ಒಂದು ರೂಮು ಹೇಳಿ, ಮುಂಗಡ ಕಟ್ಟಿದ. ಬೇಡವೆಂದರೆ ಹಣ ವಾಪಸಾಗುವುದಿಲ್ಲ ಎಂದರು. ಬೇಡ ಅನ್ನುವ ಮಾತೇ ಇಲ್ಲ ಎಂದ. ಮನೆಗೆ ಹೋಗುವ ದಾರಿಯಲ್ಲಿ ಸಂತೋಷ ತಡೆಯಲಾರದೆ ಬೇಕರಿಗೆ ನುಗ್ಗಿ ಒಂದು ಕ್ರೀಮ್ ಬನ್ನನ್ನು ದಾನಧರ್ಮ ಮಾಡಿದ.

ಮನೆಯ ಬಾಗಿಲು ಹಾರುಹೊಡೆದಿತ್ತು. ಕಂತಿನ ಸೋಫಾದ ತುದಿಯಲ್ಲಿ ಬ್ಯಾಂಡಿನವನು ಮೊಟ್ಟೆಯ ಮೇಲೆ ಕೂತವನಂತೆ ಮೆಲ್ಲಗೆ ಕೂತಿದ್ದ. ಆಂಟಿ ಆಗಲೇ ದೊಡ್ಡ ಸೂಟ್‌ಕೇಸು ತಂದು ಇದು ಸಾಕಾ ಎಂದು ತೋರಿಸುತ್ತಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಆಡಿಟರ್ ಅಂಕಲ್. ಪರದೆಯಲ್ಲಿ ಹಸಿರು ಚೌಕ. ಫೋನಿನಲ್ಲಿ ಕಾಣದಿದ್ದ ಕೆಳಗಿನ ಸಾಲುಗಳು ಇಲ್ಲಿ ಸಾಲಾಗಿ ಕಂಡವು: ಮೇಲ್ಮನೆ, ಎದುರುಮನೆ, ಕೆಳಮನೆ, ಮೂಲೆಮನೆ... ಪ್ರತಿ ಹೆಸರಿನ ಮುಂದೆಯೂ ಅವರವರು ಹಾಕುವ ಹಣ.

“ಇಡೀ ಕಟ್ಟಡ ಬರ್ತಿದೆ,” ಎಂದರು ಅಂಕಲ್. “ನಿಮ್ಮ ಶೀಟಲ್ಲಿದ್ದ ಹೋಟೆಲಿನವರ ಹತ್ರ ನಾನೇ ಮಾತಾಡಿದೆ. ಗುಂಪಾಗಿ ಹೋದ್ರೆ ತಲೆಗೆ ಅರ್ಧ. ನೀವು ಕೂಡಿಟ್ಟಿದ್ರಲ್ಲೇ ನಿಮ್ಮಿಬ್ಬರದೂ ಆಗಿ, ಮಿಕ್ಕಿದ್ದು ತಲೆಬಣ್ಣಕ್ಕೂ ಆಗುತ್ತೆ.”

“ನಾನು... ಒಂದು ರೂಮು ಮುಂಗಡ ಕಟ್ಟಿಬಿಟ್ಟೆ. ಇಬ್ಬರಿಗೆ.”

“ಗೊತ್ತಾಯ್ತು, ಅವರೇ ಹೇಳಿದ್ರು. ಬ್ಯಾಂಡಿನ ಸಾಮಾನೆಲ್ಲ ಇಡೋಕೆ ಸರಿಹೋಯ್ತು. ನೀವು ನಮ್ಮ ಜೊತೆ ಹಾಲ್‌ನಲ್ಲಿ ಮಲಗಿ.”

ಇದು ತಪ್ಪಿ ಕಳಿಸಿದ್ದು ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ಚಹಾದ ತಟ್ಟೆ ಹಿಡಿದು ಹೆಂಡತಿ ಬಂದಳು. ಪಟ್ಟಿಯಲ್ಲಿ ಮೇಲ್ಮನೆಗೂ ಮೇಲೆ, ಮೊದಲ ಹೆಸರು ಅವಳದೇ ಎಂಬುದನ್ನು ಅವನು ಆಗ ಗಮನಿಸಿದ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಈ ಮನೆಯಲ್ಲಿ ಅವನು ಆ ಹೊಳಪು ನೋಡಿ ಬಹಳ ಕಾಲವಾಗಿತ್ತು.

“ಗುಟ್ಟಾಗಿ ಇಷ್ಟೊಂದು ಉಳಿಸಿದ್ರಾ ರೀ? ಅದೂ ಎಲ್ಲರನ್ನೂ ಕರ್ಕೊಂಡು ಹೋಗೋಕೆ? ನೀವು ಇಷ್ಟು ದೊಡ್ಡ ಮನಸ್ಸಿನೋರು ಅಂತ ನನಗೆ ಗೊತ್ತೇ ಇರ್ಲಿಲ್ಲ.” ಹತ್ತಿರ ಬಂದು, ಸೆರಗಿನ ತುದಿಯಿಂದ ಅವನ ಮೀಸೆ ಒರೆಸಿದಳು. ಸೆರಗಿಗೆ ಕ್ರೀಮು ಅಂಟಿತು. “ದಾನಧರ್ಮ ಮಾತ್ರ ಸ್ವಲ್ಪ ಕಮ್ಮಿ ಮಾಡಿ.”

ತೆರೆದ ಬಾಯನ್ನು ಅವನು ಮುಚ್ಚಲಿಲ್ಲ, ಮಾತನ್ನು ಮಾತ್ರ ಬದಲಿಸಿದ. ಈಗಲ್ಲದಿದ್ದರೆ ಇನ್ನಾವಾಗ?

“ಅಲ್ವೇ, ನಿನ್ನನ್ನ ಮೊದಲ ಸಲ ನೋಡಿದಾಗ ನಾನು...”

ವಿಚಿತ್ರವೆಂದರೆ ಯಾರೂ ಬಾಯಿ ಹಾಕಲಿಲ್ಲ. ಆಂಟಿ ಸೂಟ್‌ಕೇಸಿನ ಜಿಪ್ಪನ್ನು ಅರ್ಧಕ್ಕೆ ನಿಲ್ಲಿಸಿದರು. ಬ್ಯಾಂಡಿನವನು ಉಸಿರು ಬಿಗಿಹಿಡಿದ. ಇಡೀ ಕಟ್ಟಡ ಕತ್ತು ಮುಂದೆ ಚಾಚಿ ಕಾದಿತ್ತು. ಕನ್ನಡಕದಣ್ಣ ಮಾತು ಬಿಟ್ಟು ತಟ್ಟೆಯ ಚಹಾಕ್ಕೆ ಕೈ ಹಾಕಿದ.

“ಅವಸರ ಇಲ್ಲ,” ಎಂದರು ಆಡಿಟರ್ ಅಂಕಲ್, ಪುಟ್ಟ ಠಸ್ಸೆಯೊಂದನ್ನು ಮೆಲ್ಲಗೆ ಒತ್ತಿ. “ಸಮುದ್ರದ ಹತ್ರ ಹೇಳಿ. ನಾವೆಲ್ಲ ಇರ್ತೀವಲ್ಲ.”